ಕೊಡೆ ಊರಿಗೆ ಬರಲಿಕ್ಕೆ ಹೊರಟದ್ದು

ತೀರ್ಮಾನಕ್ಕೆ ಸಹಾಯ ಮಾಡುವ ಸಾಫ್ಟ್‌ವೇರ್ ಬಂದ ದಿನದಿಂದ ನಮ್ಮ ಕೊಡಿಯಾಲ್‌ಬೈಲ್ ಆಫೀಸಿನಲ್ಲಿ ಯಾರಿಗೂ ಯಾವ ತೀರ್ಮಾನವೂ ಮಾಡಲಿಕ್ಕೆ ಆಗುತ್ತಿಲ್ಲ. ನಮ್ಮದು ಕೊಡೆಯ ಕಂಪನಿ. ಮೊದಲು ಕಾಟಿಪಳ್ಳದ ಶೆಡ್ಡಿನಲ್ಲೇ ಮಾಡುತ್ತಿದ್ದೆವು, ನಾನು ಸೂಪರ್‌ವೈಸರ್. ಆಮೇಲೆ ಚೀನಾದಿಂದ ತರಿಸತೊಡಗಿದಾಗ ಶೆಡ್ಡಿಗೆ ಬೀಗ ಬಿತ್ತು. ನಾನು ಕಂಟೈನರ್ ಎಲ್ಲಿಗೆ ಮುಟ್ಟಿತು ಎಂದು ಫೋನ್ ಮಾಡುವವನಾದೆ. ತಯಾರಿಕೆಯನ್ನು ಊರಿಗೆ ವಾಪಸ್ ತರಬಹುದೋ ಎಂದು ನೋಡಲು ಧಣಿ ಆ ಸಾಫ್ಟ್‌ವೇರ್ ತರಿಸಿದಾಗ ನನಗೆ ಒಳಗೊಳಗೇ ಒಂದೇ ಆಸೆ, ಶೆಡ್ ತೆರೆಯಲಿ.

ಎಲ್ಲರಿಗೂ ಹತ್ತು

ಸಾಗಾಟ, ಗುಣಮಟ್ಟ, ಕೂಲಿ, ಯಾವುದು ಎಷ್ಟು ಮುಖ್ಯ ಎಂದು ಹತ್ತರೊಳಗೆ ಅಂಕ ಕೊಡಬೇಕಿತ್ತು. ಆಯಾ ವಿಭಾಗದವರು ಎದುರಿಗೇ ಕೂತಿದ್ದರು. ಯಾರಿಗೆ ಕಡಿಮೆ ಕೊಡುವುದು? ಧಣಿ ಎಲ್ಲದಕ್ಕೂ ಹತ್ತು ಕೊಟ್ಟರು. ಸಾಫ್ಟ್‌ವೇರ್ ತುಂಬಾ ಹೊತ್ತು ತಿರುಗಿ ಊರಿಗೆ ಐವತ್ತು, ಚೀನಾಕ್ಕೆ ಐವತ್ತು ಎಂದಿತು. ಅದಕ್ಕೂ ದಾಕ್ಷಿಣ್ಯ ಬಂದಿರಬೇಕು.

ಹೇಳಿ ಹಾಕಿದ ರಜೆ

ಕೆಲಸಗಾರರ ಅನಿರೀಕ್ಷಿತ ರಜೆ ಎಷ್ಟು ಎಂದು ಸಾಫ್ಟ್‌ವೇರ್ ಕೇಳಿತು. ನಾನು ಸೊನ್ನೆ ಹಾಕಿದೆ. ಸುಳ್ಳಲ್ಲ. ಕುಟುಂಬದ ಮನೆಯಲ್ಲಿ ಭೂತದ ಕೋಲ, ನಾದಿನಿಯ ಮದುವೆ, ದುಬೈಯಿಂದ ಭಾವ ಬರುವುದು, ಎಲ್ಲವನ್ನೂ ನಮ್ಮವರು ಮೊದಲೇ ಹೇಳಿಯೇ ಹೋಗುತ್ತಾರೆ. ಪರದೆ ಹಸಿರಾಯಿತು, ಅಂದರೆ ಊರಲ್ಲೇ ಮಾಡಬಹುದು. ನಾನು ಶೆಡ್ಡಿನ ಬೀಗದ ಕೈ ಹುಡುಕಿ ಕಿಸೆಗೆ ಹಾಕಿಕೊಂಡೆ. ಅಷ್ಟರಲ್ಲಿ, ಸರಿ, ನಿರೀಕ್ಷಿತ ರಜೆ ಎಷ್ಟು ಎಂದು ಕೇಳಿತು. ಪ್ರಾಮಾಣಿಕವಾಗಿ ತುಂಬಿಸಿದೆ. ಪರದೆ ಕೆಂಪಾಗಿ, ಇದು ಕಾರ್ಖಾನೆಯೇ ಹೌದೋ ಎಂದು ಖಚಿತಪಡಿಸಲು ಹೇಳಿತು.

ಕೊನೆಯ ಅಭಿಪ್ರಾಯ

ಒಂದು ದಿನ ಹಸಿರು, ಒಂದು ದಿನ ಕೆಂಪು. ತಲೆ ಕೆಟ್ಟ ಧಣಿ ಪ್ರಶ್ನೆ ಇಡಿಸಿ ಕವಡೆಯಲ್ಲಿ ಉತ್ತರ ಕೇಳಲು ದೇರೆಬೈಲಿನ ಜೋಯಿಸರಲ್ಲಿಗೆ ಹೊರಟರು. ಕಾರು ಬಿಟ್ಟದ್ದು ನಾನು. ಜೋಯಿಸರು ಕವಡೆ ಸರಿಸುತ್ತಾ, ಕಂಪ್ಯೂಟರ್ ಎಂತ ಹೇಳಿತು ಎಂದು ವಿಚಾರಿಸಿದರು. ಐವತ್ತು ಐವತ್ತು ಎಂದೆವು. ಮತ್ತೆ ಕವಡೆ ಸರಿಸಿದರು. ನಾನು ಕಿಸೆಯಲ್ಲಿದ್ದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡೆ.

"ಊರಲ್ಲೇ ಮಾಡಿ. ಸಂಶಯ ಬೇಡ," ಎಂದರು.

ನನಗೆ ಅಳು ಬರುವಷ್ಟು ಖುಷಿಯಾಯಿತು. ಮೆಟ್ಟಿಲಿಳಿಯುವಾಗ ಜೋಯಿಸರು ಹಿಂದಿನಿಂದ ಕರೆದರು. ಕೈಯಲ್ಲಿ ನಮ್ಮದೇ ಕಂಪನಿಯ, ಕಡ್ಡಿ ಮುರಿದ ಕೊಡೆ.

"ಶೆಡ್ ಶುರುವಾದ ಮೇಲೆ ಮೊದಲಿನಂಥದ್ದು ಒಂದು ಕಳಿಸಿ. ಇದು ಒಂದು ಗಾಳಿಗೂ ನಿಲ್ಲಲಿಲ್ಲ."

ಕಾರಿನಲ್ಲಿ ಧಣಿ ಮೆಲ್ಲ ಕೇಳಿದರು, "ಅಲ್ಲ ಮಾರಾಯ, ಈಗ ನಮಗೆ ಹೇಳಿದ್ದು ಕವಡೆಯಾ, ಆ ಮುರಿದ ಕೊಡೆಯಾ?"

ಶೆಡ್ಡಿನ ಬೀಗದ ಕೈ ಕಿಸೆಯಲ್ಲೇ ಉಂಟಲ್ಲ, ಅವರು ಇನ್ನೊಮ್ಮೆ ಯೋಚಿಸುವ ಮೊದಲು ಕಾರನ್ನು ಕಾಟಿಪಳ್ಳದ ಕಡೆಗೆ ತಿರುಗಿಸಿಬಿಟ್ಟೆ.