ಕೆನಡಾ ಬಾಟಲಿಯ ಆಣೆಯಿಂದ ಬಿಡುಗಡೆ ಕೋರಿ

ಮೈಸೂರು
18 ನವೆಂಬರ್ 2004, ಗುರುವಾರ

ಇಂದ:
ಎನ್. ಷಡಕ್ಷರಿ,
ಉಪಸಂಪಾದಕ, ಸಂಜೆ ಪತ್ರಿಕೆಯೊಂದರಲ್ಲಿ,
ನಜರ್‌ಬಾದ್, ಮೈಸೂರು.

ಗೆ:
ಶ್ರೀಮತಿ ಪುಟ್ಟತಾಯಮ್ಮನವರು,
ಶ್ರೀ ಮೃತ್ಯುಂಜಯ ಅವರ ತಾಯಿ ಹಾಗೂ ಆ ಮನೆಯ ಮೇಲ್ಮನವಿ ಪ್ರಾಧಿಕಾರ,
ಲಕ್ಷ್ಮೀಪುರಂ, ಮೈಸೂರು.

ಮೂಲಕ:
ಕು. ಸುಚಿತ್ರಾ, ತಮ್ಮ ಮೊಮ್ಮಗಳು.
(ತಾವು ಕಣ್ಣಿನ ಪೊರೆ ತೆಗೆಸಿಕೊಂಡಿರುವ ಕಾರಣ ಇದನ್ನು ಗಟ್ಟಿಯಾಗಿ ಓದಿ ಹೇಳುವುದು. ಯಜಮಾನರು ವಾಕಿಂಗ್ ಹೋದ ಮೇಲೆ ಓದುವುದು.)

ವಿಷಯ: ವಿಭೂತಿ ಮುಟ್ಟಿ ಮಾಡಿದ ಆಣೆಯಿಂದ ನನ್ನನ್ನು ಬಿಡುಗಡೆಗೊಳಿಸಿ, ತಮ್ಮ ಮನೆಯ ಅಳಿಯನ ಸ್ಥಾನಕ್ಕೆ ನನ್ನ ಹೆಸರನ್ನು ಮರುಪರಿಶೀಲಿಸಲು ದಾರಿ ಮಾಡಿಕೊಡುವ ಬಗ್ಗೆ.

ಉಲ್ಲೇಖ: 1. ಅಕ್ಟೋಬರ್ 31ರ ಭಾನುವಾರ ಸಂಜೆ ತಮ್ಮ ಹಜಾರದಲ್ಲಿ ನಡೆದ ವಿಸ್ಕಿ ಪರೀಕ್ಷೆ.
2. ಅದೇ ಸಂಜೆ ಹಿತ್ತಲ ನಲ್ಲಿಯ ಬಳಿ ತಾವು ನೀಡಿದ ಮೌಖಿಕ ಹೇಳಿಕೆ.

ಮಾನ್ಯರೇ,

ಈ ಅರ್ಜಿಯಲ್ಲಿರುವ ಬಹುಪಾಲು ಸಂಗತಿ ತಮಗೆ ತಿಳಿದೇ ಇದೆ. ಆದರೂ ದಾಖಲೆಯಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂದು ಭಾವಿಸುವ ಕಸುಬು ನನ್ನದಾದ ಕಾರಣ, ಕ್ರಮವಾಗಿ ನಿವೇದಿಸಿಕೊಳ್ಳುತ್ತೇನೆ.

1. ತಮ್ಮ ಮೊಮ್ಮಗಳು ಸುಚಿತ್ರಾ ಕೆಲಸ ಮಾಡುವ ಕಾಲೇಜು ಗ್ರಂಥಾಲಯಕ್ಕೆ ನಾನು ಹಳೆಯ ಜನಗಣತಿಯ ಅಂಕಿಗಳನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಅಂಕಿಗಳು ಸಿಕ್ಕಿದ ಮೇಲೂ ಹೋಗುತ್ತಿದ್ದೆ. ನಾವಿಬ್ಬರೂ ಮದುವೆಯಾಗಲು ಇಚ್ಛಿಸಿದ್ದೇವೆ. ಮತ, ಮಠ, ಜಾತಕ ಯಾವುದರಿಂದಲೂ ತಕರಾರು ಬಂದಿಲ್ಲ. ತಕರಾರು ಬಂದದ್ದು ಬಾಟಲಿಯಿಂದ.

2. ತಮ್ಮ ಮಗ ಶ್ರೀ ಮೃತ್ಯುಂಜಯ ಅವರು ನಿವೃತ್ತ ಎಂಜಿನಿಯರ್. ಹಜಾರದ ಗಾಜಿನ ಬೀರುವಿನಲ್ಲಿ ಅವರು ಕೆನಡಾ, ಜಪಾನ್ ಮತ್ತು ನ್ಯೂಜಿಲೆಂಡ್ ದೇಶಗಳ ವಿಸ್ಕಿ ಇಟ್ಟಿದ್ದಾರೆ. ಸ್ಕಾಚ್ ಇಟ್ಟಿಲ್ಲ. "ಸ್ಕಾಟ್ಲೆಂಡ್‌ದನ್ನ ಎಲ್ರೂ ಕುಡೀತಾರೆ ಕಣ್ರೀ. ನಂದೇನಿದ್ರೂ ಉಳಿದ ಪ್ರಪಂಚ" ಎಂಬುದು ಅವರ ನಿಲುವು. ಹೆಣ್ಣು ಕೇಳಿ ಬಂದವನಿಗೆ ಆ ಮೂರನ್ನೂ ಕೊಟ್ಟು ನಾಲಿಗೆಯನ್ನು ಪರೀಕ್ಷಿಸುವುದು ಅವರ ಪದ್ಧತಿ. ಕುಡಿದು ತೂರಾಡುವವನೂ, ಮುಟ್ಟದೆ ನಾಟಕವಾಡುವವನೂ ಇದರಲ್ಲಿ ಸಿಕ್ಕಿಬೀಳುತ್ತಾನೆಂದು ಅವರ ವಾದ. ವಾದದಲ್ಲಿ ಹುರುಳಿದೆ.

3. ನನ್ನ ಎದುರಿಗೆ ಮೂರು ಲೋಟ, ಒಂದು ತಟ್ಟೆ ಕೋಡುಬಳೆ ಬಂದವು. ಜಪಾನಿನದು ಗಂಧದ ಪೆಟ್ಟಿಗೆಯ ಮುಚ್ಚಳ ತೆರೆದಂತಿದೆ ಎಂದೆ. "ಭೇಷ್!" ಎಂದರು. ನ್ಯೂಜಿಲೆಂಡಿನದು ಬಾರ್ಲಿ ಗಂಜಿಯ ಹಾಗೆ ಸೌಮ್ಯವಾಗಿ ಶುರುವಾಗಿ ಕೊನೆಗೆ ಒಣಗುತ್ತದೆ ಎಂದೆ. "ನೋಡೇ, ಪೇಪರ್‌ನೋರಿಗೆ ನಾಲ್ಗೆ ಇರತ್ತೆ" ಎಂದು ಒಳಗಿದ್ದ ಪತ್ನಿಗೆ ಕೂಗಿ ಹೇಳಿದರು. ಆ ಕ್ಷಣದಲ್ಲಿ ನಾನು ಮುಕ್ಕಾಲು ಅಳಿಯನಾಗಿದ್ದೆ.

4. ಮೂರನೆಯದು ಕೆನಡಾ. ಈ ಬಗ್ಗೆ ಕೆಲವು ಮಾತು ಅಗತ್ಯ. ಕೆನಡಾದವರು ತಮ್ಮ ವಿಸ್ಕಿಯನ್ನು ರೈ ಎಂದು ಕರೆದರೂ ಅದರಲ್ಲಿ ಬಹುಮಟ್ಟಿಗೆ ಇರುವುದು ಮೆಕ್ಕೆಜೋಳ. ರೈ ಧಾನ್ಯ ಒಗ್ಗರಣೆಯ ಹಾಗೆ. ಬಾಯಿಗೆ ನಯ, ಹಿಂದಿನಿಂದ ಮೆಣಸಿನ ಸಣ್ಣ ಘಾಟು. ಇದನ್ನು ನಾನು ಅದಕ್ಕೆ ಮೊದಲು ಎರಡೇ ಸಲ ಕುಡಿದಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆಯನ್ನು ಬೆಂಗಳೂರು ಬಸ್ಸಿನ ಕಿಟಕಿಯಿಂದ ಎಷ್ಟು ಸಲ ಕುಡಿದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಲೋಟದಲ್ಲಿ ಇದ್ದದ್ದು ಅದೇ.

ಆಗ ನಡೆದ ಸಂಭಾಷಣೆ ಈ ಕೆಳಗಿನಂತಿದೆ.

"ಏನ್ರೀ, ಹೇಗಿದೆ ನಮ್ಮ ಕೆನಡಾ?"

"ಸಾರ್, ಇದು ಕೆನಡಾದ್ದಲ್ಲ."

"ಏನಂದ್ರಿ?"

"ಕಾಕಂಬಿ ವಾಸ್ನೆ ಬರ್ತಿದೆ ಸಾರ್. ಮಂಡ್ಯ ದಾಟೋವಾಗ ಬರತ್ತಲ್ಲ, ಅದು."

"ರೀ! ನಮ್ ಭಾವಮೈದ ಟೊರಾಂಟೊದಿಂದ ಎದೆಗೆ ಅವಚ್ಕೊಂಡು ತಂದಿದ್ದು ಕಣ್ರೀ ಇದು! ಅವನು ಮಂಡ್ಯದಲ್ಲಿ ಇಳಿದೇ ಇಲ್ಲ!"

"ಅವರು ಇಳಿದಿರಲಿಕ್ಕಿಲ್ಲ ಸಾರ್. ವಿಸ್ಕಿ ಅಲ್ಲೇ ಹತ್ತಿರೋದು."

ಈ ಕೊನೆಯ ವಾಕ್ಯ ಅನಗತ್ಯವಾಗಿತ್ತು. ಒಪ್ಪುತ್ತೇನೆ.

5. "ನಿಮ್ ಪೇಪರ್‌ನಲ್ಲಿ ತಪ್ಪಾದ್ರೆ ತಿದ್ದುಪಡಿ ಹಾಕ್ತೀರಲ್ಲ, ಈಗ್ಲೇ ಒಂದು ಹಾಕ್ಬುಡಿ, ಮುಗಿದೋಗ್ಲಿ" ಎಂದು ಅವರು ಅವಕಾಶ ಕೊಟ್ಟರು. ತಪ್ಪಾಗಿದ್ದರೆ ಮಾತ್ರ ಹಾಕುತ್ತೇವೆ ಎಂದೆ. ಆ ಕಾರಣ, ಉಳಿದ ಕೋಡುಬಳೆಯನ್ನು ಒಳಗೆ ಕೊಂಡೊಯ್ಯಲಾಯಿತು.

6. ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನ್ನನ್ನು ತಾವು ಹಿತ್ತಲ ನಲ್ಲಿಯ ಬಳಿಗೆ ಕರೆದಿರಿ. ಸುಚಿತ್ರಾ ಸಾಕ್ಷಿಯಾಗಿ ಅಲ್ಲಿದ್ದಳು. ತಮ್ಮ ಹೇಳಿಕೆ ನೆನಪಿನಿಂದ:

"ನಿಂದು ನಾಯಿ ಮೂಗು ಕಣಪ್ಪ. ಆ ಕೆನಡಾದ್ದ ನಾನು ಮಂಡಿಗೆ ಅಚ್ಕಂಬುಟ್ಟೆ."

"ಪೂರ್ತಿನಾ ಅಜ್ಜಿ?"

"ಎಲ್ಡು ಮಂಡಿ ಅಲ್ವೇನೋ?"

ಪ್ರತಿ ಸಲ ತೆಗೆದಷ್ಟನ್ನೇ ಮಗನ ದಿನಬಳಕೆಯ, ಕಾಕಂಬಿಯಿಂದ ತೆಗೆದ ಇಲ್ಲಿನ ವಿಸ್ಕಿಯ ಬಾಟಲಿಯಿಂದ ತುಂಬಿಸುತ್ತಿದ್ದಿರಿ. "ಬಣ್ಣ ಒಂದೇ ಅಲ್ವಾ" ಎಂದಿರಿ. ಹೀಗೆ ಒಸಿ ಒಸಿಯಾಗಿ ಕೆನಡಾ ಹೋಗಿ ಕಾಕಂಬಿ ಬಂದದ್ದರಿಂದ, ಸೋಡಾ ಬೆರೆಸಿ ಕುಡಿಯುವ ಮಗನಿಗೆ ವ್ಯತ್ಯಾಸ ತಿಳಿಯಲಿಲ್ಲ.

7. ಉಳಿದ ಎರಡನ್ನು ಯಾಕೆ ಮುಟ್ಟಲಿಲ್ಲ ಎಂಬ ನನ್ನ ಪ್ರಶ್ನೆಗೆ ತಾವು, "ಮುಟ್ದೆ. ಜಪಾನಿಂದು ಬರೀ ವಾಸ್ನೆ, ಮೂಳೆಗೆ ಇಳಿಯಲ್ಲ. ಇನ್ನೊಂದು ಊರಿಂದು ತಣ್ಣಗೆ. ಕೆನಡಾದು ಮಾತ್ರ ಒಳೀಕೆ ಓಯ್ತದೆ. ಒಸಿ ಸಿಹಿ ಬೇರೆ" ಎಂದಿರಿ. ಮೂರು ದೇಶಗಳ ವಿಸ್ಕಿಯನ್ನು ಹೀಗೆ ಮೂರೇ ಮಾತಿನಲ್ಲಿ ಹೋಲಿಸಿದವರನ್ನು ನಾನು ಕಂಡಿಲ್ಲ. ಮಂಡಿಗೆ ಸಿಹಿ ತಿಳಿಯುವುದು ಹೇಗೆ ಎಂದು ನಾನು ಆಗ ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ. (ಸುಚಿತ್ರಾ, ಈ ಅಂಶ ಓದುವಾಗ ನಗಬಾರದು.)

8. ಬಳಿಕ ತಾವು ನನ್ನ ಕೈಯನ್ನು ವಿಭೂತಿ ಗಟ್ಟಿಯ ಮೇಲಿರಿಸಿ, "ನನ್ ಮಗನಿಗೆ ಏಳಲ್ಲ ಅಂತ ಮುಟ್ಟೇಳು" ಎಂದಿರಿ. ಮುಟ್ಟಿ ಹೇಳಿದೆ. ತಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ಲಿಂಗಪೂಜೆ ಮುಗಿಸಿ ಬಂದು ಆ ಬೀರುವಿನ ಮುಂದೆ ನಿಂತು ಮಗನನ್ನು ಬೈಯುವ ಅಧಿಕಾರ ಆ ಮನೆಯಲ್ಲಿ ತಮಗೊಬ್ಬರಿಗೇ ಇದೆ. ನಿಜ ತಿಳಿದ ದಿನ ಆ ಅಧಿಕಾರ ಹೋಗುತ್ತದೆ. ಸುಚಿತ್ರಾಳೂ ಇದೇ ಆಣೆಗೆ ಒಳಪಟ್ಟಿದ್ದಾಳೆ, ತಮ್ಮ ಮಂಡಿ ತಿಕ್ಕುವ ಕೈ ಅವಳದೇ ಆದ ಕಾರಣ.

9. ಆ ಪರೀಕ್ಷೆಯ ಮರುವಾರದ ಭಾನುವಾರ ಶ್ರೀ ಮಹೇಶ್ ಎಂಬ ವರ ಬಂದರು. ಕಾರು ಮಾರುವ ಉದ್ಯೋಗ. ಅದೇ ಬಾಟಲಿಯಿಂದ ಅದೇ ದ್ರವವನ್ನು ಕುಡಿದು, ಕಣ್ಣು ಮುಚ್ಚಿ, "ಅಂಕಲ್, ಬಾಯಿಗೆ ಹಾಕ್ತಿದ್ದಂಗೆ ಹಿಮ ಕಣ್ಮುಂದೆ ಬಂತು" ಎಂದರಂತೆ. ತಮ್ಮ ಮಗ ಎದ್ದು ಅವರನ್ನು ತಬ್ಬಿಕೊಂಡರಂತೆ. ಈ ವರದಿ ಸುಚಿತ್ರಾಳದು. ಅವಳ ವರದಿಯಲ್ಲಿ ತಪ್ಪು ಸಿಗುವುದಿಲ್ಲ.

10. ಹಿಮದವರು ಬೇಡವೆಂದು ಅವಳು ತಂದೆಗೆ ಸ್ಪಷ್ಟವಾಗಿ ತಿಳಿಸಿದ್ದಾಳೆ. "ನಾಲ್ಗೆ ನೆಟ್ಟಗಿಲ್ದೋನಿಗೆ ಹೆಣ್ಣು ಕೊಡಲ್ಲ" ಎಂಬುದು ಅವರ ಉತ್ತರ. ನನ್ನೊಡನೆ ಫೋನಿನಲ್ಲಿ ಆಕೆ ಹೇಳಿದ್ದು ಇಷ್ಟು: "ನಿಜ ನಿಜ ಅಂತೀರಲ್ಲ, ನಿಜಾನೇ ಮದ್ವೆ ಮಾಡ್ಕೊಳ್ಳಿ." ಆಮೇಲೆ ಫೋನ್ ಇಡಲಿಲ್ಲ. ಎಸ್‌ಟಿಡಿ ಬೂತಿನವನು ಗಾಜು ಬಡಿಯುವವರೆಗೆ ನಾನೂ ಇಡಲಿಲ್ಲ.

11. ಬರುವ ಭಾನುವಾರ ಮಹೇಶ್ ಕಡೆಯವರು ಎಲೆ-ಅಡಿಕೆ ಬದಲಾಯಿಸಿಕೊಳ್ಳಲು ಬರುತ್ತಿದ್ದಾರೆ.

ಆದ್ದರಿಂದ, ತಾವು ದಯಮಾಡಿ ಈ ಕೆಳಗಿನವುಗಳಲ್ಲಿ ಒಂದನ್ನು ಅನುಗ್ರಹಿಸಬೇಕಾಗಿ ಕೋರುತ್ತೇನೆ.

(ಅ) ನನ್ನನ್ನು ಆಣೆಯಿಂದ ಬಿಡುಗಡೆ ಮಾಡುವುದು. ಮೂಲದ ಹೆಸರು ಹೇಳದೆ, "ಮನೆಯೊಳಗಿನ ವಿಶ್ವಸನೀಯ ವಲಯಗಳು ತಿಳಿಸಿವೆ" ಎಂದಷ್ಟೇ ಹೇಳುತ್ತೇನೆ. ಆ ಮನೆಯಲ್ಲಿ ನಾಲ್ಕೇ ಜನ ಇರುವುದರಿಂದ ಇದು ಹೆಚ್ಚು ಕಾಲ ನಿಲ್ಲಲಾರದು ಎಂಬುದನ್ನೂ ತಿಳಿಸಬೇಕು.

(ಆ) ಅಥವಾ ತಾವೇ ಮಗನಿಗೆ ಹೇಳುವುದು. ಔಷಧಿಯಾಗಿ, ಹೊರ ಲೇಪನಕ್ಕಾಗಿ ಮಾತ್ರ ಎಂಬ ಒಕ್ಕಣೆಯಲ್ಲಿ ಹೇಳಿಕೆಯ ಕರಡನ್ನು ಲಗತ್ತಿಸಿದ್ದೇನೆ. ಅವರು ರೇಗಿದರೆ, ತಾಯಿಯ ಮಂಡಿ ನೋಯುವುದನ್ನು ಗಮನಿಸದವನು ಬಾಟಲಿ ಖಾಲಿಯಾಗುವುದನ್ನು ಹೇಗೆ ಗಮನಿಸಿಯಾನು ಎಂದು ಕೇಳಬಹುದು. ಬೈಯುವ ಅಧಿಕಾರ ಅಲ್ಲೇ ಮರಳಿ ಬರುತ್ತದೆ.

(ಇ) ಎರಡೂ ಆಗದಿದ್ದಲ್ಲಿ, ಶನಿವಾರ ಸಂಜೆ ನಾನೇ ತಮ್ಮ ಮಗನ ಮುಂದೆ ನಿಂತು, ಅದು ಕೆನಡಾದ್ದೇ, ನನ್ನ ನಾಲಿಗೆಯೇ ತಪ್ಪಿತು ಎಂದು ಹೇಳುತ್ತೇನೆ. ಪತ್ರಿಕೆಯ ಮೇಜಿನಲ್ಲಿ ಇಷ್ಟು ವರ್ಷ ಕುಳಿತು ಹಲವು ತಿದ್ದುಪಡಿ ಬರೆದಿದ್ದೇನೆ. ಸರಿಯಾದ ಸುದ್ದಿಯನ್ನು ತಪ್ಪೆಂದು ಒಂದು ಸಲವೂ ತಿದ್ದಿಲ್ಲ. ಸುಚಿತ್ರಾಳಿಗಾಗಿ ಒಂದು ತಿದ್ದಲು ಸಿದ್ಧನಿದ್ದೇನೆ. ಆದರೆ ಆಮೇಲೆ ನಾನು ಆ ಹಜಾರದಲ್ಲಿ ಜೀವನಪರ್ಯಂತ ಕಾಕಂಬಿ ಕುಡಿದು ಹಿಮ ಕಾಣಬೇಕಾಗುತ್ತದೆ. ಇದನ್ನು ತಾವು ಮನಸ್ಸಿಗೆ ತಂದುಕೊಳ್ಳಬೇಕು. (ಸುಚಿತ್ರಾ, ಇಲ್ಲಿ ನಿಲ್ಲಿಸಬೇಡ. ಮುಂದಕ್ಕೆ ಓದು.)

ಇತಿ, ತಮ್ಮ ಮತ್ತು ತಮ್ಮ ಮೊಮ್ಮಗಳ ವಿಶ್ವಾಸಿ,
ಎನ್. ಷಡಕ್ಷರಿ

ಲಗತ್ತುಗಳು:
1. ಅಂಶ (ಆ)ದಲ್ಲಿ ಹೇಳಿದ ಕರಡು, ದಪ್ಪ ಅಕ್ಷರಗಳಲ್ಲಿ.
2. ಕೆಮ್ಮಿನ ಔಷಧಿಯ ತೊಳೆದ ಸೀಸೆಯೊಂದರಲ್ಲಿ ಕೆನಡಾದ ಅಸಲಿ ವಿಸ್ಕಿ, ಹತ್ತಿ ಸಮೇತ. ಇದು ಲಂಚವಲ್ಲ. ಅರ್ಜಿ ತಿರಸ್ಕೃತವಾದರೂ ಹಿಂದಿರುಗಿಸಬೇಕಿಲ್ಲ.
3. ಅರ್ಜಿದಾರನ ಭಾವಚಿತ್ರ, ಒಂದು.

ಪ್ರತಿ: ಶ್ರೀ ಮೃತ್ಯುಂಜಯ ಅವರಿಗೆ ಇಲ್ಲ.

ವಿ.ಸೂ.: ತಮ್ಮ ತೀರ್ಮಾನವನ್ನು ಶನಿವಾರ ಸಂಜೆಯೊಳಗೆ, ಭಾನುವಾರ ಎಲೆ-ಅಡಿಕೆ ತಟ್ಟೆ ಹಜಾರಕ್ಕೆ ಬರುವ ಮೊದಲೇ, ತಿಳಿಸಬೇಕಾಗಿ ಕಳಕಳಿಯ ವಿನಂತಿ. ತಟ್ಟೆ ಬಂದ ಮೇಲೆ ಹಾಕಿದ ತಿದ್ದುಪಡಿಯನ್ನು ಯಾರೂ ಓದುವುದಿಲ್ಲ.