ಕಾಡುಹಂದಿ ಹಿಡಿಯುವ ನನ್ನ ರಾಡಾರ್

ಚಾಮರಾಜನಗರದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವ ನನಗೆ ಕಾಡುಹಂದಿ ಎಂಬುದು ಬಹಳ ಸಣ್ಣ ಸಮಸ್ಯೆಯಾಗಿ ಕಂಡಿತ್ತು. ಬೇಗೂರಿನ ಹತ್ತಿರ ನನ್ನ ಮಾವನವರ ಅರ್ಧ ಎಕರೆ ಕಡಲೆಕಾಯಿ ಹೊಲವಿದೆ. ಆ ಬೆಳೆ ಮುಂದಿನ ವರ್ಷದ ಬಿತ್ತನೆ ಬೀಜಕ್ಕೆ ಮೀಸಲು. ಹಂದಿ ಕಾಯಲು ಅಟ್ಟಣೆಯ ಮೇಲೆ ಮಲಗಿ ಮಲಗಿ ಅವರ ಬೆನ್ನು ಹಿಡಿದುಕೊಂಡಿತ್ತು.

"ಇನ್ಮೇಲೆ ಮನೇಲಿ ಮಲಗಿ ಮಾವ. ರಾಡಾರ್ ಕಾಯುತ್ತೆ," ಎಂದೆ.

ವಿಷಯ ಸರಳ. ರಾಡಾರ್ ಬಿಟ್ಟ ಅಲೆ ನಡೆಯುವ ಜೀವಕ್ಕೆ ತಾಗಿ ವಾಪಸು ಬರುತ್ತದೆ. ಮನುಷ್ಯ ನಡೆದರೆ ಒಂದು ಥರ, ಹಂದಿ ನಡೆದರೆ ಇನ್ನೊಂದು ಥರ. ಎರಡಕ್ಕೂ ನೂರು ನೂರು ಮಾದರಿ ತೋರಿಸಿಬಿಟ್ಟರೆ, ಹೊಸದಾಗಿ ಬಂದದ್ದು ಯಾವುದಕ್ಕೆ ಹೆಚ್ಚು ಹತ್ತಿರವೆಂದು ಯಂತ್ರವೇ ಲೆಕ್ಕ ಹಾಕುತ್ತದೆ. ಹಂದಿಯಾದರೆ ಸೈರನ್. ಮನುಷ್ಯನಾದರೆ ಮೌನ.

ಮನುಷ್ಯನ ಮಾದರಿಗಾಗಿ ಮಾವನವರು ಹೊಲದಲ್ಲಿ ಎಲ್ಲೂ ನಿಲ್ಲದೆ ನೂರು ಸಲ ನಡೆದರು. ಹಂದಿಯ ಮಾದರಿಗೆ ಯಾವ ಹಂದಿಯೂ ಒಪ್ಪಲಿಲ್ಲ. ವಿಜ್ಞಾನದ ಹಿತದೃಷ್ಟಿಯಿಂದ ಆ ಸ್ಥಾನವನ್ನು ನಾನೇ ಅಲಂಕರಿಸಿದೆ! ಮಟಮಟ ಮಧ್ಯಾಹ್ನ, ಹೆಂಟೆಗಳ ಮೇಲೆ, ಅಂಬೆಗಾಲಿಟ್ಟು ನೂರು ಸಲ. ಎರಡು ಹೆಜ್ಜೆಗೊಮ್ಮೆ ನಿಂತು ಮಂಡಿ ಉಜ್ಜಿಕೊಳ್ಳುತ್ತಿದ್ದೆ. ಬದುವಿನ ಮೇಲೆ ಕುಳಿತು ಎಣಿಸುತ್ತಿದ್ದ ನನ್ನ ಹೆಂಡತಿ ಗೌರಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

"ರೀ, ರೋಡಲ್ಲಿ ಜನ ಬಸ್ ನಿಲ್ಸ್ಕಂಡು ನೋಡ್ತಾವ್ರೆ. ಎದ್ ಬಂದ್ಬುಡಿ."

"ಇನ್ನು ಹನ್ನೆರಡೇ ಬಾಕಿ," ಎಂದೆ.

ಮಾವನವರು ನನ್ನ ಮಾತು ನಂಬಿ ಅಟ್ಟಣೆಯನ್ನೇ ಬಿಚ್ಚಿಸಿದರು. ಮೂರನೆಯ ದಿನ ಬೆಳಿಗ್ಗೆ ಅವರ ಫೋನ್ ಬಂತು.

"ಅಳಿಯಂದ್ರೆ, ಒಂದ್ ಗಿಡಾನೂ ಬುಟ್ಟಿಲ್ಲ ಕಣಪ್ಪ. ನಿಮ್ ಮಿಸಿನ್ನು ಉಸ್ರೇ ಬುಡ್ನಿಲ್ಲ."

ಸಿಕ್ಕ ಬಸ್ಸು ಹತ್ತಿ ಬಂದು, ಪಂಪ್‌ಸೆಟ್ ಮನೆಯಲ್ಲಿಟ್ಟಿದ್ದ ಯಂತ್ರದ ದಾಖಲೆ ನೋಡಿದೆ. ಹಂದಿಗಳು ಸಂಸಾರ ಸಮೇತ ಬಂದಿದ್ದವು. ಪ್ರತಿಯೊಂದರ ಎದುರಿಗೂ 'ಮನುಷ್ಯ' ಎಂದು ಬರೆದಿತ್ತು. ಅವು ಮಾವನವರ ಹಾಗೆ ಎಲ್ಲೂ ನಿಲ್ಲದೆ, ನಿಶ್ಚಿಂತೆಯಿಂದ ನಡೆದಿದ್ದವು.

ಮಾವನವರು ಹೊಲದ ನಡುವೆ ಕುಕ್ಕರಗಾಲಿನಲ್ಲಿ ಕುಳಿತು, ಮಣ್ಣು ಕೆದಕಿ ಉಳಿದ ಕಾಯಿ ಆರಿಸುತ್ತಿದ್ದರು. ಟವೆಲ್ಲಿನಲ್ಲಿ ಒಂದು ಬೊಗಸೆಯೂ ಇರಲಿಲ್ಲ. ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ಅಳುವೇ ಬಂತು. ಕ್ಷಮೆ ಕೇಳೋಣವೆಂದು ಹೊಲಕ್ಕಿಳಿದೆ. ಮಂಡಿ ಇನ್ನೂ ಊದಿತ್ತು. ಎರಡು ಹೆಜ್ಜೆ ಇಡುವುದು, ನಿಂತು ಉಜ್ಜಿಕೊಳ್ಳುವುದು, ಮತ್ತೆ ಎರಡು ಹೆಜ್ಜೆ.

ಸೈರನ್ ಊರಿಗೇ ಕೇಳುವಂತೆ ಕೂಗಿಕೊಂಡಿತು!

ಮಾವನವರು ತಲೆ ಎತ್ತಿ ನನ್ನನ್ನೇ ನೋಡಿದರು. "ಮಿಸಿನ್ ಕೆಟ್ಟಿಲ್ಲ ಬುಡಿ," ಎಂದು ಮತ್ತೆ ಮಣ್ಣು ಕೆದಕತೊಡಗಿದರು.

ಲೆಕ್ಕವನ್ನು ಎರಡು ಸಲ ಪರಿಶೀಲಿಸಿದೆ. ಆ ಹೊಲದ ಹಂದಿ ಯಾರೆಂಬುದರಲ್ಲಿ ಯಂತ್ರಕ್ಕೆ ಕಿಂಚಿತ್ತೂ ಸಂಶಯವಿರಲಿಲ್ಲ. ನನಗೂ ಇರಲಿಲ್ಲ.