ಸ್ವಲ್ಪ ಮಾತಾಡೋದದರೀ

ಕೆಲವರಿಗೆ ಹಾವೆಂದರೆ ಭಯ, ಕೆಲವರಿಗೆ ಹಲ್ಲಿ. ನನಗೆ ಒಂದು ವಾಕ್ಯದ ಭಯ. ಯಾರಾದರೂ "ಸ್ವಲ್ಪ ಮಾತಾಡೋದದ" ಎಂದರೆ ಸಾಕು, ಹೆಗಲೆರಡೂ ಕಿವಿಯ ತನಕ ಏರುತ್ತವೆ, ಕಾಲುಗಳು ನನ್ನನ್ನು ಕೇಳದೆ ಬಾಗಿಲ ಕಡೆ ಹೊರಡುತ್ತವೆ. ಮರಾಠಿ ಸೀಮೆಯ ಶೇಂದ್ರಾದ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲಿನ ದೋಷ ಹುಡುಕುವುದು ನನ್ನ ಉದ್ಯೋಗ. ಕೂದಲೆಳೆಯಷ್ಟು ಬಿರುಕೂ ನನ್ನ ಕಣ್ಣು ತಪ್ಪಿಸುವುದಿಲ್ಲ. ಆದರೆ ಒಮ್ಮೆ ಸಾಹೇಬರು ಮಾತಾಡಬೇಕೆಂದು ಕ್ಯಾಬಿನ್ನಿಗೆ ಕರೆದಾಗ ನೌಕರಿ ಹೋಯಿತೆಂದೇ ಬೆವೆತುಬಿಟ್ಟೆ. ಅವರು ಮೊಮ್ಮಗ ಹುಟ್ಟಿದನೆಂದು ಪೇಢೆ ಕೊಟ್ಟರು. ಅದು ನನ್ನ ಕೈಜಾರಿ ಅವರ ಕೀಬೋರ್ಡಿನ ಮೇಲೇ ಬಿತ್ತು.

ಹೋದ ಮಳೆಗಾಲದಲ್ಲಿ ಆ ವಾಕ್ಯವನ್ನು ನನ್ನ ಹೆಂಡತಿ ಶಾಂತಾ ಹೇಳಿದಳು. "ನಿಮ್ಮ ಕೂಡ ಸ್ವಲ್ಪ ಮಾತಾಡೋದದರೀ." ನಾನು ಚಪ್ಪಲಿ ಮೆಟ್ಟಿ ಕೊತ್ತಂಬರಿ ತರಲು ಹೋದೆ. ಮರುವಾರ ಮತ್ತೆ ಹೇಳಿದಳು. ಮತ್ತೆ ಕೊತ್ತಂಬರಿ ತಂದೆ. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು. ನನಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಹೇಳದೆ ಉಳಿದದ್ದು ಏನಿರಬಹುದೆಂದು ಊಹಿಸುತ್ತ ಊಟ ಸೇರದಂತಾಯಿತು, ಕೇಳೋಣವೆಂದರೆ ಧೈರ್ಯವಿಲ್ಲ.

ನಾಸಿಕದಲ್ಲಿ ಕೆಲಸದಲ್ಲಿರುವ ಮಗಳು ಅಶ್ವಿನಿ ರಜೆಗೆ ಬಂದವಳು ನಾನು ಊಟ ಬಿಟ್ಟದ್ದು ನೋಡಿ, ಕಾರಣ ಬಿಡಿಸಿ ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಮರಾಠಿಯೇ ಬೇಗ ಬರುತ್ತದೆ. "ಪಪ್ಪಾ, ಹೇ ತುಮಚಂ ಟ್ರಿಗರ್ ಆಹೇ, ಆ ಮಾತು ಕೇಳಿದ್ರೆ ಭಯದ ಸ್ವಿಚ್ ಒತ್ತಿದ ಹಾಗೆ. ಮನಸ್ಸಿನದು ಅಲ್ಲ, ಮೈಯದು. ಅದಕ್ಕೇ ಇರೋ ಲೇಡಿ ಡಾಕ್ಟರ್ ಕಡೆ ಹೋಗೋಣ" ಎಂದು ನಾಸಿಕಕ್ಕೆ ಕರೆದೊಯ್ದಳು.

ಅಲ್ಲಿ ಔಷಧದ ವಾಸನೆಯಿಲ್ಲ, ಬರೀ ಚಾಪೆ. ಮಧ್ಯವಯಸ್ಸಿನ ಆ ಡಾಕ್ಟರಮ್ಮ ನನ್ನ ಕಥೆ ಕೇಳಿ, ಆ ಭಯ ಎಲ್ಲಿ ಆಗುತ್ತದೆ ಎಂದು ಮರಾಠಿಯಲ್ಲಿ ಕೇಳಿದರು. "ಜಾಸ್ತಿಯಾಗಿ ಶೇಂದ್ರಾದಲ್ಲಿ, ಕ್ಯಾಬಿನ್ನಿನ ಹತ್ತಿರ" ಎಂದೆ. ಅವರು ನಗಲಿಲ್ಲ. "ಮೈಯಲ್ಲಿ ಎಲ್ಲಿ?" ಎಂದರು. ಐವತ್ತು ದಾಟಿದ ನನ್ನನ್ನು ಯಾರೂ ಕೇಳಿರದ ಪ್ರಶ್ನೆ. ಉಸಿರು ನಿಧಾನ ಬಿಡಿಸಿದರು, ಅಂಗಾಲಿಗೆ ನೆಲ ತಾಗುತ್ತಿದೆಯೇ ನೋಡಿ ಎಂದರು, ಕೊನೆಗೆ ಎರಡೂ ಕೈಯಿಂದ ಗೋಡೆ ತಳ್ಳಿಸಿದರು. ಓಡಬೇಕೆನ್ನುವ ಕಾಲಿಗೆ ಒಂದು ಕೆಲಸ ಬೇಕಂತೆ. ನಾನು ಮೊದಲು ಗೋಡೆಯ ಬಿರುಕನ್ನೇ ಪರೀಕ್ಷಿಸಿದೆ, ಅಭ್ಯಾಸಬಲ. ತಳ್ಳುತ್ತ ತಳ್ಳುತ್ತ ತೊಡೆ ಗಡಗಡ ನಡುಗತೊಡಗಿತು. "ಥಾಂಬವೂ ನಕಾ, ತಡೆಯಬೇಡಿ, ನಡುಗಲಿ ಬಿಡಿ" ಎಂದರು. ಅದೇ ಹೊತ್ತಿಗೆ ಬೀದರಿನ ನಮ್ಮ ಓಣಿ ನೆನಪಾಯಿತು. ಅಪ್ಪ "ಬಾ ಇಲ್ಲಿ, ಮಾತಾಡೋದದ" ಎಂದಾಗಲೆಲ್ಲ ವರ್ಗಾವಣೆಯ ಸುದ್ದಿ; ಮರುವಾರ ಬಾಗಿಲಿಗೆ ಲಾರಿ; ಶಾಲೆ, ಗೆಳೆಯರು, ಬೆಕ್ಕು ಎಲ್ಲ ಹಿಂದೆ. ಅಪ್ಪ ಬೈದವನಲ್ಲ, ಹೊಡೆದವನಲ್ಲ. ಆದರೂ ನಾನು ಗೋಡೆಗೆ ಹಣೆ ಹಚ್ಚಿ ಮಕ್ಕಳ ಹಾಗೆ ಅತ್ತೆ. ಆಮೇಲೆ ಹೆಗಲು ತಾವಾಗಿ ಇಳಿದು ಕುಳಿತವು.

ಕೆಲವು ಸಲ ಹೋಗಿಬಂದ ಮೇಲೆ ಒಂದು ಸಂಜೆ ನಾನೇ ಕೇಳಿದೆ. "ಶಾಂತಾ, ಅವತ್ತು ಏನೋ ಹೇಳೋದಿತ್ತಲ್ಲ, ಹೇಳು." ಕೇಳಿದ್ದೇ ತಡ, ಕಾಲು ಎದ್ದವು. ನಾನು ಗೋಡೆ ಹಿಡಿದೆ.

"ಗ್ವಾಡಿ ಯಾಕ ದಬ್ಬಲತ್ತೀರಿ? ಬಾಡಿಗಿ ಮನಿ ಅದ."

"ನೀ ಹೇಳು, ನಾ ಇಲ್ಲೇ ಇದೀನಿ."

"ಪಿತ್ತಕೋಶದಾಗ ಕಲ್ಲಾಗ್ಯಾವ. ಆಪರೇಷನ್ ಮಾಡಬೇಕಂತ. ನೀವು ಅಂಜ್ತೀರಿ ಅಂತ ನೋವು ಬಂದಾಗೆಲ್ಲ ಬಚ್ಚಲದಾಗ ಹೋಗಿ ಕೂಡ್ತಿದ್ದೆ."

ನಾನು ಕೊತ್ತಂಬರಿ ತರುತ್ತಿದ್ದ ಹೊತ್ತಿನಲ್ಲಿ ಅವಳು ಒಬ್ಬಳೇ ಡಾಕ್ಟರರ ಹತ್ತಿರ ಹೋಗಿಬಂದಿದ್ದಳು. ಗೋಡೆ ಬಿಟ್ಟು ಅವಳ ಪಕ್ಕ ಕುಳಿತೆ. ಕೈ ಹಿಡಿದೆ. ಅವತ್ತು ನಾನು ಎಲ್ಲಿಗೂ ಹೋಗಲಿಲ್ಲ. ಎಲ್ಲ ಕೇಳಿದೆ, ಮರುದಿನ ಅವಳ ಜೊತೆ ಆಸ್ಪತ್ರೆಗೂ ಹೋದೆ.

ಆಪರೇಷನ್ ಸಲೀಸಾಗಿ ಆಯಿತು. ಹೊರಗೆ ಬಂದ ಡಾಕ್ಟರರು ಅದನ್ನು ಹೇಳುವ ಮುನ್ನವೇ ಬಿಳಿಚಿದ್ದ ನನ್ನ ಮುಖ ನೋಡಿ ಗಾಬರಿಯಾಗಿ, ಖಾಲಿ ಮಂಚವೊಂದರ ಮೇಲೆ ನನ್ನನ್ನು ಮಲಗಿಸಿ ಬಿಪಿ ನೋಡಿಸಿದರು. ಮರುದಿನ ಶಾಂತಾ ದಿಂಬಿಗೆ ಒರಗಿ ಆರಾಮಾಗಿ ಚಹಾ ಕುಡಿಯುತ್ತಿದ್ದಳು. ನನ್ನ ಬಿಪಿಯ ಸುದ್ದಿ ಮೊದಲೇ ಕೇಳಿ ನೋಡಲು ಬಂದ ಬಂಧುಗಳು ಒಬ್ಬರ ಹಿಂದೊಬ್ಬರು ಎಳನೀರನ್ನು ನನ್ನ ಕೈಗೇ ಕೊಟ್ಟು, "ಈಗ ಹ್ಯಾಂಗ ಅದರೀ ನಿಮ್ಮ ತಬ್ಯೇತು?" ಎಂದು ಕೇಳಿದರು.